ಬಿಜಾಗರಿಗೂ ಬಿಲ್ಲಿನಲ್ಲಿ ಒಂದು ಸಾಲು ಬೇಕು

ಹೊಸ ಮನೆ ಕಟ್ಟಿಸುವ ಗೃಹಸ್ಥರು ಸಿಮೆಂಟು, ಕಬ್ಬಿಣ, ಟೈಲ್ಸುಗಳ ಆಯ್ಕೆಗಾಗಿ ತಿಂಗಳುಗಟ್ಟಲೆ ಅಂಗಡಿ ಅಲೆಯುತ್ತಾರೆ. ಅಡುಗೆಮನೆಯ ಕಪಾಟಿಗೆ ಯಾವ ಬಣ್ಣದ ಲ್ಯಾಮಿನೇಟು ಹಾಕಬೇಕೆಂಬುದರ ಬಗ್ಗೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಆದರೆ ಆ ಕಪಾಟಿನ ಬಾಗಿಲುಗಳ ಭಾರವನ್ನು ಮುಂದಿನ ಹತ್ತು ಹದಿನೈದು ವರ್ಷ ಹೊರಬೇಕಾದ ಬಿಜಾಗರಿಯನ್ನು ಆರಿಸಿದವರು ಯಾರು ಎಂದು ಕೇಳಿದರೆ ಬಹುತೇಕ ಮನೆಗಳಲ್ಲಿ ಉತ್ತರ ದೊರೆಯುವುದಿಲ್ಲ. ಬಡಿಗೇರರು ತಂದರು, ಹಚ್ಚಿದರು, ಅಷ್ಟೇ. ಖರ್ಚಿನ ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಟ್ಟಿಗೆ ಕೆಲಸದ ವ್ಯವಹಾರದಲ್ಲಿ ಬೇರೂರಿರುವ ಈ ರೂಢಿಯು ಗ್ರಾಹಕನಿಗಷ್ಟೇ ಅಲ್ಲ, ಬಡಿಗೇರನಿಗೂ ಹಾರ್ಡ್‌ವೇರ್ ವರ್ತಕನಿಗೂ ನಷ್ಟದಾಯಕವಾದುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಜಾಗರಿ ಎಂಬುದು ಮರಾಠಿಯ ಒಡನಾಟದಿಂದ ನಮ್ಮ ಭಾಗದ ಕನ್ನಡದಲ್ಲಿ ನೆಲೆಸಿದ ಮಾತು. ಉಳಿದೆಡೆ ಇದನ್ನು ಕೀಲು, ತಿರುಗಣಿ ಎನ್ನುವರು. ಅಂಗಡಿಯಲ್ಲಿ ಈಗ ಹಿಂಜ್ ಎಂದೂ, ಕಪಾಟಿಗೆ ಒಳಗಿನಿಂದ ಹಚ್ಚುವ ಮಾದರಿಗೆ ಆಟೋ ಹಿಂಜ್ ಎಂದೂ ಕರೆಯುವರು. ಲೆಕ್ಕಪರಿಶೋಧಕನಾದವನಿಗೆ ಈ ವಸ್ತುವಿನ ಗೊಡವೆ ಏಕೆಂದು ವರ್ತಕ ಮಿತ್ರರು ಕೇಳಬಹುದು. ಪೀಠೋಪಕರಣದ ಆಯುಷ್ಯವನ್ನು ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು 10 ವರ್ಷವೆಂದು ಗಣಿಸುತ್ತದೆ. ಹೋಟೆಲು, ಖಾನಾವಳಿಗಳಂತಹ ಕಡೆ 8 ವರ್ಷ. ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 10ರಂತೆ ಸವಕಳಿ ತೆಗೆಯುತ್ತೇವೆ. ಪುಸ್ತಕದಲ್ಲಿ ಹತ್ತು ವರ್ಷ ಬಾಳಬೇಕಾದ ಕಪಾಟು ಮೂರನೆಯ ವರ್ಷಕ್ಕೇ ಬಾಗಿಲು ಜೋತುಬಿದ್ದು ನಿಂತರೆ, ತಪ್ಪಿದ್ದು ಸವಕಳಿಯ ದರವಲ್ಲ, ಖರೀದಿಯ ವಿಧಾನ.

ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗ ಮನೆಯ ಕೆಲಸ ಮುಂದುವರಿಯುತ್ತದೆ, ತಡವಾದಾಗ ನಿಲ್ಲುತ್ತದೆ. (1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ಅದರ ಪಾಲನೆಯ ಕಥೆ ಓದುಗರಿಗೆ ತಿಳಿದದ್ದೇ.) ಹಿಂದಿನ ಮನೆಗಳಲ್ಲಿ ಗೋಡೆಯ ಗೂಡು, ನಾಗಂದಿಗೆ, ಒಂದು ಕಬ್ಬಿಣದ ತಿಜೋರಿ ಇಷ್ಟಿದ್ದರೆ ಸಂಸಾರ ಸಾಗುತ್ತಿತ್ತು. ಇಂದು ಮೇಲವಂಕಿಯಂತಹ ಊರಿನಲ್ಲಿಯೂ ಹೊಸ ಮನೆ ಎಂದರೆ ಕಿಚನ್ ಟ್ರಾಲಿ, ಗೋಡೆಯುದ್ದದ ವಾರ್ಡ್‌ರೋಬು, ಮೇಲೆ ಲಾಫ್ಟು ಎಂಬಂತಾಗಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ನೆರೆಯ ನೀರು ಹೊಕ್ಕ ಮನೆಯಲ್ಲಿ ಪಾರ್ಟಿಕಲ್ ಬೋರ್ಡಿನ ಕಪಾಟು ಉಬ್ಬಿ, ಸ್ಕ್ರೂಗಳು ಸಡಿಲಗೊಂಡು, ಬಿಜಾಗರಿಗಳು ಬುಡಸಮೇತ ಕಿತ್ತುಬರುತ್ತವೆ. ಆದುದರಿಂದ ಈ ಚರ್ಚೆ ಶ್ರೀಮಂತರ ಮನೆಯ ಶೋಕಿಗೆ ಸಂಬಂಧಿಸಿದ್ದಲ್ಲ.

ಇನ್ನು ಮೂಲ ವಿಷಯಕ್ಕೆ ಬರೋಣ. ನಮ್ಮಲ್ಲಿ ಕಪಾಟಿನ ಕೆಲಸಕ್ಕೆ ಚದರ ಅಡಿಯ ದರ ಗೊತ್ತುಪಡಿಸುವುದು ವಾಡಿಕೆ. ಆ ದರದಲ್ಲಿ ಪ್ಲೈವುಡ್ಡು, ಲ್ಯಾಮಿನೇಟು, ಅಂಟು, ಹಿಡಿಕೆ, ಬಿಜಾಗರಿ, ಮಜೂರಿ ಎಲ್ಲವೂ ಅಡಕ. ದರವನ್ನು ಚೌಕಾಶಿ ಮಾಡಿ ಇಳಿಸಿದಾಗ ಬಡಿಗೇರನು ಎಲ್ಲಿ ಉಳಿಸಬೇಕು? ಪ್ಲೈವುಡ್ಡಿನ ಮೇಲಿನ ಮುದ್ರೆಯನ್ನು ಯಜಮಾನರು ನೋಡುತ್ತಾರೆ, ಲ್ಯಾಮಿನೇಟಿನ ಬಣ್ಣವನ್ನು ಮನೆಯಾಕೆ ಆರಿಸಿರುತ್ತಾರೆ. ಕಣ್ಣಿಗೆ ಬೀಳದೆ ಒಳಗಿರುವುದು ಬಿಜಾಗರಿಯೊಂದೇ. ಉಳಿತಾಯವು ಅಲ್ಲಿಯೇ ಆಗುತ್ತದೆ. ಮೇಲವಂಕಿಯ ಕಡೆಯ ಅನುಭವಸ್ಥ ಬಡಿಗೇರರೊಬ್ಬರನ್ನು ಈ ಕುರಿತು ಕೇಳಿದಾಗ ಅವರು ಹೇಳಿದ್ದು: “ಫೂಟಿನ ರೇಟಿನಾಗ ಬಿಜಾಗರಿನೂ ಬಂತರಿ ಸಾಹೇಬ್ರ. ಬ್ಯಾರೆ ಬರದು ಕೊಟ್ರ ಮನಿಯವ್ರು ಮೊದಲ ಅದನ್ನ ಕಡಿಸ್ತಾರ.” ಈ ಮಾತಿನಲ್ಲಿ ಸತ್ಯವಿದೆ. ಗ್ರಾಹಕನಾದವನು ಬಿಜಾಗರಿಯ ಬೆಲೆಯನ್ನು ಕಂಡರೆ ಅದು ದುಬಾರಿ ಎನ್ನುತ್ತಾನೆ; ಕಾಣದಿದ್ದರೆ ಅಗ್ಗದ ಮಾಲನ್ನು ದುಬಾರಿ ಕಪಾಟಿನೊಳಗೆ ಪಡೆಯುತ್ತಾನೆ.

ಇದಕ್ಕೆ ಕೂಡಿಕೊಂಡಿರುವ ಇನ್ನೊಂದು ಸಂಗತಿ, ಹೇಳಲು ಸಂಕೋಚವೆನಿಸಿದರೂ, ಅಂಗಡಿಗಳು ಬಡಿಗೇರರಿಗೆ ಕೊಡುವ ಕಮಿಷನ್. ಇದು ನಮ್ಮ ಭಾಗದ ದೋಷವೆಂದೇನೂ ಅಲ್ಲ; ದೇಶದ ಎಲ್ಲ ಊರುಗಳ ಹಾರ್ಡ್‌ವೇರ್ ಪೇಟೆಯಲ್ಲಿ ಇರುವಂಥದು. ಆದರೆ ಅದರ ಪರಿಣಾಮವನ್ನು ಯೋಚಿಸಬೇಕು. ಯಾವ ಪೆಟ್ಟಿಗೆಯ ಮೇಲೆ ಹೆಚ್ಚು ಕಮಿಷನ್ ಇದೆಯೋ ಆ ಪೆಟ್ಟಿಗೆಯೇ ಮನೆಗೆ ಹೋಗುತ್ತದೆ. ಹೆಚ್ಚು ಕಮಿಷನ್ ಕೊಡಲು ಸಾಧ್ಯವಾಗುವುದು ಹೆಸರಿಲ್ಲದ, ಇಲ್ಲವೇ ಪ್ರಸಿದ್ಧ ಹೆಸರಿನ ಒಂದಕ್ಷರ ಬದಲಿಸಿದ ಮಾಲಿನ ಮೇಲೆ. ಈ ಕಮಿಷನ್ನನ್ನು ಪುಸ್ತಕದಲ್ಲಿ ಬರೆಯಲಾಗದ ಕಾರಣ ಮಾಲೂ ಕಚ್ಚಾ ಚೀಟಿಯ ಮೇಲೆಯೇ ಹೋಗುತ್ತದೆ. ಬಡಿಗೇರನ ಮಜೂರಿಯನ್ನು ನ್ಯಾಯವಾಗಿ ಕೊಡದೆ, ಅವನು ಬೇರೆ ಬಾಗಿಲಿನಿಂದ ಸಂಪಾದಿಸಿಕೊಳ್ಳುವಂತೆ ಮಾಡಿದವರಲ್ಲಿ ಗ್ರಾಹಕರೂ ಇದ್ದಾರೆ ಎಂಬುದನ್ನು ಮರೆಯಲಾಗದು.

ಬಿಜಾಗರಿಯನ್ನು ಆರಿಸಲು ಅದರ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಎರಡು ತಗಡುಗಳ ನಡುವೆ ಸರಳು ಇರುವ ಹಳೆಯ ಮಾದರಿ ಎಲ್ಲರಿಗೂ ಪರಿಚಿತ. ಮನೆಯ ಹೆಬ್ಬಾಗಿಲಿಗೆ ಇಂದಿಗೂ ಅದೇ ಸರಿ. ಉಕ್ಕಿನದಕ್ಕೆ ಐ.ಎಸ್. 1341, ಹಿತ್ತಾಳೆ ಮುಂತಾದವುಗಳಿಗೆ ಐ.ಎಸ್. 205 ಎಂಬ ಭಾರತೀಯ ಮಾನಕಗಳಿವೆ. ಕಪಾಟಿಗೆ ಬಳಸುವ ಆಟೋ ಹಿಂಜಿನಲ್ಲಿ ಮೂರು ಭಾಗ: ಬಾಗಿಲಿನ ಒಳಮೈಯಲ್ಲಿ 35 ಮಿಲಿಮೀಟರ್ ವ್ಯಾಸದ ಕುಣಿ ಕೊರೆದು ಕೂರಿಸುವ ಬಟ್ಟಲು, ಅದಕ್ಕೆ ಹೊಂದಿದ ತೋಳು, ಮತ್ತು ತೋಳನ್ನು ಕಪಾಟಿನ ಪಕ್ಕದ ಹಲಗೆಗೆ ಬಿಗಿಯುವ ಪ್ಲೇಟು. ಬಟ್ಟಲಿನ ಆಳ ಸುಮಾರು 11ರಿಂದ 12 ಮಿಲಿಮೀಟರ್ ಇರುವುದರಿಂದ ಬಾಗಿಲು ಕನಿಷ್ಠ 16, ಸಾಧ್ಯವಾದರೆ 18 ಮಿಲಿಮೀಟರ್ ದಪ್ಪವಿರಬೇಕು. ಹಣ ಉಳಿಸಲೆಂದು 12 ಮಿಲಿಮೀಟರ್ ಪ್ಲೈವುಡ್ಡಿನ ಬಾಗಿಲು ಮಾಡಿಸಿ ಅದಕ್ಕೆ ಉತ್ತಮ ಕಂಪನಿಯ ಹಿಂಜು ಹಾಕಿಸುವವರಿದ್ದಾರೆ. ಇದು ಸಣ್ಣ ಚಕ್ಕಡಿಗೆ ದೊಡ್ಡ ಎತ್ತು ಹೂಡಿದಂತೆ.

ತೋಳಿನ ಬಾಗು ಎರಡನೆಯ ವಿಷಯ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ನೇರ ತೋಳು ಬೇಕು. ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಳ್ಳುವುದಾದರೆ ಅರ್ಧ ಬಾಗಿನದು. ಬಾಗಿಲು ಚೌಕಟ್ಟಿನ ಒಳಗೇ ಕೂರುವುದಾದರೆ ಪೂರ್ಣ ಬಾಗಿನದು. ಅಂಗಡಿಯವರು ಇವುಗಳನ್ನು ಸೊನ್ನೆ ಕ್ರ್ಯಾಂಕು, 8 ಕ್ರ್ಯಾಂಕು, 16 ಕ್ರ್ಯಾಂಕು ಎಂಬಂತೆ ಗುರುತಿಸುವರು. ಸಂಖ್ಯೆ ಕಂಪನಿಯಿಂದ ಕಂಪನಿಗೆ ಒಂದಿಷ್ಟು ಭಿನ್ನ. ಕಪಾಟಿನ ನಕ್ಷೆ ಸಿದ್ಧವಾಗುವ ಮುನ್ನವೇ “ಐವತ್ತು ಜೋಡಿ ಕೊಡ್ರಿ” ಎಂದು ಒಂದೇ ಬಗೆಯದನ್ನು ತಂದಿಟ್ಟರೆ, ನಡುವಿನ ಬಾಗಿಲುಗಳು ಒಂದಕ್ಕೊಂದು ತಿಕ್ಕುತ್ತವೆ. ಆಗ ಬಡಿಗೇರನು ಬಾಗಿಲಿನ ಅಂಚನ್ನು ಕೆತ್ತುತ್ತಾನೆ. ಕೆತ್ತಿದಲ್ಲಿ ನೀರು ಹೊಕ್ಕು ಪ್ಲೈವುಡ್ಡು ಬಿಚ್ಚಿಕೊಳ್ಳುತ್ತದೆ.

ವಾರ್ಡ್‌ರೋಬಿನಲ್ಲಿ ಇನ್ನೊಂದು ತೊಡಕುಂಟು. ಬಾಗಿಲಿನ ಹಿಂದೆ ಒಳಗೆ ಎಳೆಯುವ ಡ್ರಾವರುಗಳಿದ್ದರೆ, ಸಾಮಾನ್ಯವಾದ 105 ಅಥವಾ 110 ಡಿಗ್ರಿ ತೆರೆಯುವ ಹಿಂಜಿನಲ್ಲಿ ಬಾಗಿಲಿನ ದಪ್ಪವು ದಾರಿಗೆ ಅಡ್ಡ ನಿಲ್ಲುತ್ತದೆ, ಡ್ರಾವರು ಬಾಗಿಲಿಗೆ ಉಜ್ಜುತ್ತದೆ. ಅಲ್ಲಿ 155 ಅಥವಾ 165 ಡಿಗ್ರಿಯ ಹಿಂಜು ಹಾಕಬೇಕು, ಇಲ್ಲವೇ ಡ್ರಾವರಿನ ಪಕ್ಕಕ್ಕೊಂದು ಪಟ್ಟಿ ಕೊಟ್ಟು ಒಳಸರಿಸಬೇಕು. ಪಟ್ಟಿಯ ಖರ್ಚು ಅತ್ಯಲ್ಪ. ಆದರೆ ಇದನ್ನು ಮೊದಲೇ ಯೋಚಿಸಬೇಕಷ್ಟೆ.

ಸಂಖ್ಯೆಯ ವಿಷಯದಲ್ಲಿ ಆಗುವ ತಪ್ಪೇ ಹೆಚ್ಚು. ತಯಾರಕರು ಸಾಮಾನ್ಯವಾಗಿ ಹೇಳುವ ಅಂದಾಜು ಹೀಗಿದೆ: ಸುಮಾರು 3 ಅಡಿ ಎತ್ತರದ, 6 ಕಿಲೋ ಒಳಗಿನ ಬಾಗಿಲಿಗೆ 2 ಹಿಂಜು; ಸುಮಾರು 5 ಅಡಿ, 12 ಕಿಲೋವರೆಗೆ 3; ಆರೂವರೆ ಅಡಿ, 17 ಕಿಲೋವರೆಗೆ 4; ಅದಕ್ಕೂ ಮೇಲೆ 8 ಅಡಿ, 22 ಕಿಲೋವರೆಗೆ 5. ಈಗ 7 ಅಡಿ ಎತ್ತರ, ಒಂದೂವರೆ ಅಡಿ ಅಗಲದ ವಾರ್ಡ್‌ರೋಬಿನ ಬಾಗಿಲನ್ನು ಲೆಕ್ಕಹಾಕಿ ನೋಡೋಣ. 18 ಮಿಲಿಮೀಟರ್ ಪ್ಲೈವುಡ್ಡು, ಘನಮೀಟರಿಗೆ 650 ಕಿಲೋ ಹಿಡಿದರೆ, ಸುಮಾರು 11.4 ಕಿಲೋ. ಎರಡೂ ಬದಿಯ 1 ಮಿಲಿಮೀಟರ್ ಲ್ಯಾಮಿನೇಟು ಸೇರಿ 14 ಕಿಲೋ. ಮನೆಯಾಕೆಯ ಅಪೇಕ್ಷೆಯಂತೆ ಬಾಗಿಲಿನುದ್ದಕ್ಕೂ 4 ಮಿಲಿಮೀಟರ್ ಕನ್ನಡಿ ಅಂಟಿಸಿದರೆ ಇನ್ನೂ ಹತ್ತು ಕಿಲೋ ಹತ್ತಿರ ಕೂಡಿ, ಒಟ್ಟು 24 ಕಿಲೋ ಸಮೀಪಿಸಿತು. ಐದು ಹಿಂಜುಗಳ ಮಿತಿಯನ್ನೂ ಇದು ದಾಟಿತು. ಹೀಗಿದ್ದೂ ನಮ್ಮ ಅನೇಕ ಮನೆಗಳಲ್ಲಿ ಇಂತಹ ಬಾಗಿಲಿಗೆ ಮೂರೇ ಹಿಂಜು ಹಚ್ಚಿರುವುದನ್ನು ಕಾಣುತ್ತೇವೆ. ಬಾಗಿಲು ಜೋತಾಗ ಕಂಪನಿಯನ್ನು ಬೈಯುತ್ತೇವೆ. ಕನ್ನಡಿಯನ್ನು ಅರ್ಧ ಎತ್ತರಕ್ಕೆ ಇಳಿಸುವುದು, ಇಲ್ಲವೇ ಬಾಗಿಲನ್ನು ಎರಡು ತುಂಡಾಗಿ ಮಾಡುವುದು ಇದಕ್ಕೆ ಸರಿಯಾದ ಪರಿಹಾರ.

ತುಕ್ಕಿನ ಬಗ್ಗೆ ಒಂದೆರಡು ಮಾತು. ಸಿಂಕಿನ ಕೆಳಗೆ, ನೀರಿನ ಫಿಲ್ಟರಿನ ಪಕ್ಕ, ಒಲೆಯ ಹಬೆ ತಾಗುವಲ್ಲಿ ನಿಕ್ಕಲ್ ಲೇಪನದ ಸಾಧಾರಣ ಉಕ್ಕು ಬಹುಕಾಲ ನಿಲ್ಲುವುದಿಲ್ಲ. ಅಲ್ಲಿಗೆ ಮಾತ್ರ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕಿದರೆ ಸಾಕು. ಆಯಸ್ಕಾಂತ ಹಿಡಿದು ಪರೀಕ್ಷಿಸುವ ಪದ್ಧತಿ ಪೇಟೆಯಲ್ಲಿದೆ. ಆದರೆ ಅಗ್ಗದ 202 ದರ್ಜೆಯ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ 304 ಎಂದು ಸಾಬೀತಾಗುವುದಿಲ್ಲ. ಸ್ಕ್ರೂ ಕೂಡ ಸ್ಟೇನ್‌ಲೆಸ್ ಇರಬೇಕು. ಹಿಂಜು ಸ್ಟೇನ್‌ಲೆಸ್, ಸ್ಕ್ರೂ ಕಬ್ಬಿಣ ಎಂಬಂತಾದರೆ ಪ್ರಯೋಜನವಿಲ್ಲ. ಹಾಗೆಯೇ ಸಿಂಕಿನ ಕೆಳಗಿನ ಹಲಗೆಯು ಐ.ಎಸ್. 710 ಮುದ್ರೆಯ ಪ್ಲೈವುಡ್ಡು ಆಗಿರಲಿ. ಪಾರ್ಟಿಕಲ್ ಬೋರ್ಡಿನಲ್ಲಿ ಒಮ್ಮೆ ಕಿತ್ತ ಸ್ಕ್ರೂ ಅದೇ ಕುಣಿಯಲ್ಲಿ ಮತ್ತೆ ಹಿಡಿಯುವುದು ದುರ್ಲಭ.

ಹಾಗಾದರೆ ಎಲ್ಲೆಡೆಯೂ ದುಬಾರಿ ಹಿಂಜೇ ಬೇಕೇ? ಖಂಡಿತ ಬೇಡ. ಇಲ್ಲಿಯೇ ಲೆಕ್ಕದ ಕೆಲಸವಿರುವುದು. ಚಹಾಪುಡಿ, ಸಕ್ಕರೆ, ಖಾರದಪುಡಿ ಇಡುವ ಕಪಾಟು ಕೂಡುಕುಟುಂಬದಲ್ಲಿ ದಿನಕ್ಕೆ 25 ಸಲವಾದರೂ ತೆರೆದು ಮುಚ್ಚುತ್ತದೆ. ವರ್ಷಕ್ಕೆ 9,125 ಸಲ, ಹತ್ತು ವರ್ಷಕ್ಕೆ 91,250 ಸಲ. ಯುರೋಪಿನ ಮಾನಕದಂತೆ ಪರೀಕ್ಷೆಗೊಳಪಟ್ಟ ಉತ್ತಮ ಹಿಂಜುಗಳ ಪೆಟ್ಟಿಗೆಯ ಮೇಲೆ 80,000 ಸಲ ಎಂದು ನಮೂದಾಗಿರುತ್ತದೆ. ಅಂದರೆ ಉತ್ತಮವಾದುದೂ ಈ ಜಾಗದಲ್ಲಿ ಒಂಬತ್ತು ವರ್ಷದೊಳಗೆ ತನ್ನ ಪರೀಕ್ಷೆಯ ಮಿತಿಯನ್ನು ಮುಟ್ಟುತ್ತದೆ. ದೇವರ ಸಾಮಾನು, ರೇಷ್ಮೆ ಸೀರೆ ಇಡುವ ಕಪಾಟಾದರೋ ದಿನಕ್ಕೆ ಎರಡು ಸಲದಂತೆ ಹತ್ತು ವರ್ಷಕ್ಕೆ 7,300 ಸಲ. ಲಾಫ್ಟಂತೂ ಗಣೇಶ ಚೌತಿಗೊಮ್ಮೆ, ದೀಪಾವಳಿಗೊಮ್ಮೆ ತೆರೆಯುವಂಥದು. ಅಲ್ಲಿ ನಿಧಾನವಾಗಿ ತಾನೇ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಹಿಂಜು ಹಾಕಿಸುವುದು ಶುದ್ಧ ದುಂದು. ಮನೆಯಲ್ಲಿ ಸಣ್ಣ ಮಕ್ಕಳಿದ್ದು ಬೆರಳು ಸಿಕ್ಕಿಕೊಳ್ಳುವ ಭಯವಿರುವ ಕಡೆ ಸಾಫ್ಟ್ ಕ್ಲೋಸಿಗೆ ಕೊಟ್ಟ ಹಣ ಸಾರ್ಥಕ.

ಹಣದ ಲೆಕ್ಕವನ್ನೂ ಮಾಡೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು, ಓದುಗರು ತಮ್ಮ ಊರಿನ ದರ ಹಾಕಿ ನೋಡಬಹುದು. ಒಂದು ಅಡುಗೆಮನೆಯಲ್ಲಿ 12 ಬಾಗಿಲು: ಹತ್ತಕ್ಕೆ ತಲಾ 2, ಎರಡು ಎತ್ತರದವಕ್ಕೆ ತಲಾ 4, ಒಟ್ಟು 28 ಹಿಂಜು, ಅಂದರೆ 14 ಜೋಡಿ. ಅಗ್ಗದ ಜೋಡಿಗೆ 100 ರೂ., ಉತ್ತಮ ಜೋಡಿಗೆ 350 ರೂ. ಎಂದಿಟ್ಟುಕೊಳ್ಳೋಣ. ಮೊದಲನೆಯದಕ್ಕೆ 1,400 ರೂ., ಎರಡನೆಯದಕ್ಕೆ 4,900 ರೂ.; ವ್ಯತ್ಯಾಸ 3,500 ರೂ. ಕೆಲಸದ ಒಟ್ಟು ಮೊತ್ತ 1,80,000 ರೂ. ಇದ್ದರೆ ಇದು ಶೇ. 2ಕ್ಕೂ ಕಡಿಮೆ. ಅಗ್ಗದವನ್ನು ಹತ್ತು ವರ್ಷದಲ್ಲಿ ಎರಡು ಸಲ, ನಾಲ್ಕನೆಯ ಮತ್ತು ಏಳನೆಯ ವರ್ಷದಲ್ಲಿ, ಬದಲಿಸಬೇಕಾಯಿತೆನ್ನಿ. ಪ್ರತಿ ಸಲ ಮಾಲಿಗೆ 1,400, ಎರಡು ದಿನದ ಮಜೂರಿ 2,000, ಒಟ್ಟು 3,400 ರೂ. ಮೊದಲ ಖರೀದಿ ಸೇರಿ 8,200 ರೂ. ಆಯಿತು. ಮುಂದಿನ ಹಣಕ್ಕೆ ಇಂದಿನಷ್ಟು ಬೆಲೆಯಿಲ್ಲವೆಂದು ಶೇ. 8ರ ಬಡ್ಡಿ ಕಳೆದು ಇಂದಿನ ಮೌಲ್ಯ ತೆಗೆದರೂ 5,880 ರೂ. ಮೀರುತ್ತದೆ. 4,900 ರೂಪಾಯಿಯ ಹಿಂಜೇ ಅಗ್ಗವಾಯಿತಲ್ಲವೇ? ಬದಲಿಸುವಾಗ ಹಾಳಾಗುವ ಸ್ಕ್ರೂ ಕುಣಿಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಮೂರು ವರ್ಷದ ಕರಾರಿನ ಬಾಡಿಗೆ ಅಂಗಡಿಯಾದರೆ ಮಾತ್ರ ಲೆಕ್ಕ ತಿರುಗಿ ಅಗ್ಗದ್ದೇ ಸರಿಯೆನಿಸುತ್ತದೆ.

ಈ ಲೆಕ್ಕವನ್ನು ಗ್ರಾಹಕನ ಮುಂದಿಡಬೇಕಾದವನು ವರ್ತಕ. ಅದಕ್ಕೆ ಸಾಧನ ಬಿಲ್ಲು. ಹಿಂಜುಗಳು ಜಿ.ಎಸ್.ಟಿ.ಯಲ್ಲಿ 8302 ಶೀರ್ಷಿಕೆಯಡಿ ಬರುತ್ತವೆ, ತೆರಿಗೆ ಶೇ. 18. “ತೆರಿಗೆ ಉಳಿಸೋಣ” ಎಂದು ಗ್ರಾಹಕನು ಕಚ್ಚಾ ಚೀಟಿ ಕೇಳುತ್ತಾನೆ. ಮೇಲಿನ ಉದಾಹರಣೆಯ 4,900 ರೂಪಾಯಿಯಲ್ಲಿ ತೆರಿಗೆ ಸೇರಿದೆ ಎಂದುಕೊಂಡರೆ ಅದರ ಪಾಲು ಸುಮಾರು 750 ರೂ. ಈ 750 ರೂಪಾಯಿಗಾಗಿ ಅವನು ಬಿಟ್ಟುಕೊಡುವುದೇನು? ಕಂಪನಿಗಳ ವಾರಂಟಿ ಬಿಲ್ಲಿಲ್ಲದೆ ನಡೆಯುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೋಷಯುಕ್ತ ಮಾಲಿನ ಬಗ್ಗೆ ಜಿಲ್ಲಾ ಆಯೋಗದ ಮೆಟ್ಟಿಲೇರಬೇಕಾದರೂ ಖರೀದಿಯ ಪುರಾವೆ ಬೇಕು. ಇನ್ನು ಲಾಡ್ಜು, ಖಾನಾವಳಿ, ದವಾಖಾನೆ ನಡೆಸುವವರು ಒಬ್ಬನೇ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಆಸ್ತಿಯೆಂದು ಬರೆದರೆ ಆ ಮೊತ್ತಕ್ಕೆ ಸವಕಳಿಯೂ ಸಿಗದು.

ಕಾಂಪೊಸಿಷನ್ ಪದ್ಧತಿಯಲ್ಲಿರುವ ವರ್ತಕರು ಒಂದನ್ನು ನೆನಪಿಡಬೇಕು. ಕೊಲ್ಲಾಪುರದಿಂದ ಮಾಲು ತರಿಸಲು ಅವರಿಗೆ ಅಡ್ಡಿಯಿಲ್ಲ. ಆದರೆ ಗಡಿಯಾಚೆಯ ಗಿರಾಕಿಗೆ ಮಾಲು ಕಳಿಸುವಂತಿಲ್ಲ, ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತೆಯೂ ಇಲ್ಲ. ಅವರು ಕೊಡಬೇಕಾದುದು ಬಿಲ್ ಆಫ್ ಸಪ್ಲೈ. ಅದರಲ್ಲಿಯೂ ಕಂಪನಿ, ಮಾದರಿ, ಸಂಖ್ಯೆ ಬರೆಯಲು ಯಾವ ನಿರ್ಬಂಧವೂ ಇಲ್ಲ.

ಬೆಳಗಾವಿ, ಕೊಲ್ಲಾಪುರಗಳ ಷೋರೂಮುಗಳು ನಮ್ಮ ಹಳ್ಳಿಗಳವರೆಗೆ ಬಂದು ಸಿದ್ಧ ಅಡುಗೆಮನೆ ಹಚ್ಚಿಹೋಗುತ್ತಿವೆ. ಅವರ ಕೆಲಸ ನಮ್ಮ ಬಡಿಗೇರರ ಕೆಲಸಕ್ಕಿಂತ ಮೇಲೆಂದು ನಾನು ಒಪ್ಪುವುದಿಲ್ಲ. ಮರದ ಆಟಿಕೆಗಳಿಗೆ ಹೆಸರಾದ ಗೋಕಾಕದ ನೆಲದಲ್ಲಿ ಕೈಗೆಲಸಕ್ಕೇನೂ ಕೊರತೆಯಿಲ್ಲ. ಆದರೆ ಅವರು ಕೊಡುವ ಕೊಟೇಶನ್ನಿನಲ್ಲಿ ಹಿಂಜಿನ ಕಂಪನಿ, ಮಾದರಿ, ವಾರಂಟಿ ಅಚ್ಚಾಗಿರುತ್ತದೆ. ನಮ್ಮವರದು ಹಾಳೆಯ ಹಿಂಬದಿಯ ಪೆನ್ಸಿಲ್ ಬರಹ. ಗ್ರಾಹಕನು ಹೆಚ್ಚು ಹಣ ಕೊಟ್ಟು ಕೊಳ್ಳುವುದು ಆ ಅಚ್ಚಾದ ಹಾಳೆಯ ಮೇಲಿನ ನಂಬಿಕೆಯನ್ನು.

ನಮ್ಮ ಸಂಘವು ಇಲ್ಲಿ ಕೈಹಾಕಬಹುದು. ಚದರ ಅಡಿಯ ದರವನ್ನು ಹಲಗೆ ಮತ್ತು ಮಜೂರಿಗೆ ಸೀಮಿತಗೊಳಿಸಿ, ಹಿಂಜು, ಡ್ರಾವರ್ ಚಾನೆಲ್, ಹಿಡಿಕೆಗಳಿಗೆ ಪ್ರತ್ಯೇಕ ಸಾಲಿರುವ ಒಂದು ಪುಟದ ಕನ್ನಡ ಕೊಟೇಶನ್ ನಮೂನೆಯನ್ನು ಅಚ್ಚು ಹಾಕಿಸಿ ಬಡಿಗೇರರಿಗೆ ಹಂಚಬಹುದು. ಸದಸ್ಯ ಅಂಗಡಿಗಳು ಕಮಿಷನ್ನಿನ ಬದಲು ಬಡಿಗೇರನ ಮಜೂರಿಯನ್ನು ಬಿಲ್ಲಿನಲ್ಲಿಯೇ ತೋರಿಸುವ ಏರ್ಪಾಡಿಗೆ ಬಂದರೆ ಇನ್ನೂ ಒಳಿತು. ಇದಕ್ಕೆ ವಿರೋಧ ಬರುವುದೆಂದು ಬಲ್ಲೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯ ಕಸುಬೂ ಸೇರಿದೆ. ಉಪಕರಣಕ್ಕೆ 15,000 ರೂ., ತರಬೇತಿ, ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯದರಲ್ಲಿ 2 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯ ಸಾಲ ಅದರಲ್ಲಿವೆ. 35 ಮಿಲಿಮೀಟರ್ ಬಿಟ್ಟು ಮತ್ತು ಕುಣಿಯ ಅಳತೆ ತಪ್ಪದಂತೆ ಹಿಡಿಯುವ ಜಿಗ್ಗು ಕೈಯಲ್ಲಿದ್ದರೆ ಹಿಂಜು ಕೂರಿಸುವ ಕೆಲಸ ಅರ್ಧ ಗೆದ್ದಂತೆ. ಅರ್ಜಿ ತುಂಬಿಸುವ ಕೆಲಸಕ್ಕೆ ನನ್ನಂಥವರು ವಾರಕ್ಕೊಂದು ಸಂಜೆ ಕೊಡಬಲ್ಲೆವು.

ಅಲ್ಲಿಯವರೆಗೆ, ಈ ಸುಗ್ಗಿಯಲ್ಲಿ ಕಪಾಟು ಮಾಡಿಸುವವರು ಒಂದು ಕೆಲಸ ಮಾಡಲಿ. ಹಿಂಜಿನ ಬಿಲ್ಲಿನಲ್ಲಿ ಕಂಪನಿ, ಮಾದರಿಯ ಸಂಖ್ಯೆ, ಬಾಗು, ಡಿಗ್ರಿ, ಜೋಡಿಗಳ ಲೆಕ್ಕ ಬರೆಸಿ, ಅದರ ನಕಲನ್ನು ಸಿಂಕಿನಿಂದ ದೂರದ ಒಂದು ಕಪಾಟಿನ ಒಳಬದಿಗೆ ಅಂಟಿಸಿಡಲಿ. ಪೆಟ್ಟಿಗೆಯಲ್ಲಿ ಉಳಿದ ಒಂದೆರಡು ಜೋಡಿಯನ್ನು ಅಂಗಡಿಗೆ ಮರಳಿಸದೆ ಲಾಫ್ಟಿನಲ್ಲಿಡಲಿ. ಎಂಟು ವರ್ಷದ ಮೇಲೆ ಒಂದು ಹಿಂಜು ಕೈಕೊಟ್ಟಾಗ, ಅದೇ ಮಾದರಿಯದು ಇದ್ದರೆ ಹಳೆಯ ಕುಣಿಯಲ್ಲಿಯೇ ಕೂರುತ್ತದೆ. ಬೇರೆಯದಾದರೆ ಬಾಗಿಲಿಗೆ ಹೊಸ ಕುಣಿ ಕೊರೆಯಬೇಕಾಗಬಹುದು.